ಚರ್ಮದ ಜೀನು, ಪ್ಲಾಸ್ಟಿಕ್ ಜೀನು ಮತ್ತು ನಮ್ಮ ಕಾಕಾ

ನಮ್ಮ ಕಾಕಾ ಸಾಯುವುದಕ್ಕೆ ಎರಡು ವರ್ಷದಿಂದ ತಯಾರಾಗಿ ಕೂತಿದ್ದಾನೆ. ಕುದುರೆಯ ಜೀನು ಅಡ್ಡ ಬಂದಿರದಿದ್ದರೆ ಇಷ್ಟೊತ್ತಿಗೆ ನಾವೆಲ್ಲ ಅವನ ದಿವಸದ ಊಟ ಉಂಡು, ಎಲೆಅಡಿಕೆ ಹಾಕಿಕೊಂಡು, ಅವನ ಗುಣಗಾನ ಮಾಡುತ್ತ ಕೂತಿರುತ್ತಿದ್ದೆವು! ಸ್ವಂತ ಕಾಕಾನ ಬಗ್ಗೆ ಹೀಗೆ ಬರೆಯಬಹುದೇ ಎಂದು ಮೂಗು ಮುರಿಯಬೇಡಿ. ಇದು ನನ್ನ ಮಾತಲ್ಲ. ಊರಿಗೆ ಯಾರೇ ಬರಲಿ, ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಡುವ ಮೊದಲೇ ಕಾಕಾ ಹೇಳುವ ಮಾತು ಇದು.

ಗುಡಗೇರಿಯಿಂದ ಮೂರು ಮೈಲಿ ದೂರದ ಎರೆಹೊಲದ ಊರು ನಮ್ಮದು. ಒಂದು ಕಾಲಕ್ಕೆ ನಮ್ಮ ಅಜ್ಜ ಕುರಿ ಕಾಯುವವರಿಗೆ ತಟ್ಟುಗಳನ್ನು, ಅಂದರೆ ಕಂಬಳಿ, ಪಾತ್ರೆ, ಕುರಿಮರಿಗಳನ್ನು ಹೊರುವ ಗಿಡ್ಡ ಕುದುರೆಗಳನ್ನು ಮಾರುತ್ತಿದ್ದ. ಅಜ್ಜ ಹೋದ, ವ್ಯಾಪಾರವೂ ಹೋಯಿತು. ಉಳಿದದ್ದು ಕುದುರೆಯ ಹುಚ್ಚು. ಅದು ಇಡಿಯಾಗಿ ಕಾಕಾನ ಪಾಲಿಗೆ ಬಂತು. ಊರಿನ ಗಂಡಸರೆಲ್ಲ ಬೈಕು ಕೊಂಡ ಮೇಲೂ ಕಾಕಾ ಮಾತ್ರ ಮೆಣಸಿನಕಾಯಿ ಹೊಲಕ್ಕೂ ಕುದುರೆ, ಸಂತೆಗೂ ಕುದುರೆ, ಬೀಗರ ಮನೆಗೂ ಕುದುರೆ! 'ಕುದುರೆ ಕಂಡರೆ ಕಾಲು ನೋವು' ಎಂಬ ಗಾದೆ ನಮ್ಮ ಕಾಕಾನ ಮಟ್ಟಿಗೆ ತಿರುಗುಮುರುಗು. ಅವನಿಗೆ ಬೈಕು ಕಂಡರೆ ಕಾಲು ನೋವು.

ಕಾಕಾನಿಗೆ, ಅವನ ಹೆಂಡತಿ ನಮ್ಮ ಚಿಗವ್ವನಿಗೆ ಮಕ್ಕಳಿಲ್ಲ. ಆ ಜಾಗದಲ್ಲಿ ಸಂಶಿಯಲ್ಲಿ ಮಾಸ್ತರಿಕೆ ಮಾಡುವ ನಾನಿದ್ದೇನೆ, ಮತ್ತು ಬಿಜಲಿ ಎಂಬ ಕಂದುಬಣ್ಣದ ಹೆಣ್ಣು ಕುದುರೆ ಇದೆ. ಇಬ್ಬರಲ್ಲಿ ಹಿರಿಯ ಸ್ಥಾನ ಯಾರಿಗೆ ಎಂದು ನೀವು ಕೇಳಬಾರದು, ನಾನು ಹೇಳಬಾರದು. ಹೆಸರು ಬಿಜಲಿಯಾದರೂ ಅದರ ನಡಿಗೆ ನಮ್ಮೂರಿನ ಕರೆಂಟಿನ ಹಾಗೆ, ಬಂದಾಗ ಬಂತು, ನಿಂತಾಗ ನಿಂತಿತು. ಆದರೆ ಕಾಕಾ ಅದರ ಮೇಲೆ ಕೂತನೆಂದರೆ ದಾರಿಯಲ್ಲಿ ಸಿಕ್ಕ ತಹಶೀಲ್ದಾರನ ಜೀಪೂ ಅವನಿಗೆ ಗಿಡ್ಡದಾಗಿ ಕಾಣುತ್ತಿತ್ತು.

ಎರಡು ವರ್ಷದ ಹಿಂದೆ ಕಾಕಾನ ಕಾಲು ಬಾತವು, ಮುಖ ಬಾತಿತು. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಪರೀಕ್ಷೆ ಮಾಡಿ, ಎರಡೂ ಕಿಡ್ನಿ ಕೈಕೊಟ್ಟಿವೆ, ವಾರಕ್ಕೆ ಎರಡು ದಿನ ಮಷೀನಿಗೆ ಹಚ್ಚಿ ರಕ್ತ ತೊಳೆಯಬೇಕು, ಬಿಟ್ಟರೆ ಹೆಚ್ಚೆಂದರೆ ಹದಿನೈದು ದಿನ ಎಂದರು. ಚಿಗವ್ವ ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತಳು. ಕಾಕಾ ಕೇಳಿದ್ದು ಒಂದೇ ಪ್ರಶ್ನೆ.

"ಕುದುರಿ ಹತ್ತಬಹುದಲ್ರೀ ಡಾಕ್ಟರ?"

ಡಾಕ್ಟರು ಇಂಥ ಪ್ರಶ್ನೆ ಜನ್ಮದಲ್ಲಿ ಕೇಳಿರಲಿಕ್ಕಿಲ್ಲ. ಎಡಗೈಯ ನರಗಳನ್ನು ಕೂಡಿಸಿ ಹೊಲಿಗೆ ಹಾಕುತ್ತೇವೆ, ಅಲ್ಲೇ ಸೂಜಿ ಚುಚ್ಚುವುದು, ಆ ಕೈಯಿಂದ ಭಾರ ಎತ್ತಕೂಡದು, ಎತ್ತಿದರೆ ಕೈಯೂ ಹೋಗುತ್ತದೆ, ಜೀವವೂ ಹೋಗುತ್ತದೆ ಎಂದರು. ಕುದುರೆಯ ಬಗ್ಗೆ ಏನೂ ಹೇಳಲಿಲ್ಲ. ಬೇಡ ಅನ್ನಲಿಲ್ಲವಾದ್ದರಿಂದ ಹತ್ತು ಅಂದರು ಎಂದು ಕಾಕಾ ತೀರ್ಮಾನಿಸಿದ.

ಆ ಹೊಲಿಗೆ ಹಾಕಿದ ಕೈಯಲ್ಲಿ ರಕ್ತ ಹರಿಯುವಾಗ ಗುರ್ ಗುರ್ ಎಂದು ಸದ್ದಾಗುತ್ತದೆ. ಕೈ ಸರಿಯಾಗಿದೆ ಅನ್ನುವುದಕ್ಕೆ ಅದೇ ಗುರುತು. ಕಾಕಾ ಊರವರನ್ನೆಲ್ಲ ಕರೆದು ಒಬ್ಬೊಬ್ಬರ ಕಿವಿಯನ್ನೂ ತನ್ನ ಮೊಣಕೈಗೆ ಹಚ್ಚಿಸಿಕೊಂಡ. "ಕೇಳ್ಲೇ, ಬೋರಿನ ಮೋಟಾರ ಕೂಡ್ಸ್ಯಾರ! ನಿಮ್ಮ ಹೊಲದಾಗಿಂದು ಸುಟ್ಟಿದ್ರ ಹೇಳ್ರಿ, ನಾ ಬಂದು ಕೈ ಇಡತೀನಿ!" ಜನ ನಕ್ಕರು. ನಕ್ಕು ಮನೆಗೆ ಹೋಗಿ, ಪಾಪ, ಅವನದೇನು ಉಳಿಯೂದಿಲ್ಲ ಬಿಡು ಅಂದರು.

ನೀರು ಕುಡಿಯುವುದಕ್ಕೂ ಕಟ್ಟು. ದಿನಕ್ಕೆ ಇಷ್ಟೇ ಲೋಟ. ನಮ್ಮ ಕಡೆಯ ಬೇಸಿಗೆಯಲ್ಲಿ ಇದು ಎಂಥ ಶಿಕ್ಷೆ ಎಂಬುದು ಉಂಡವರಿಗೇ ಗೊತ್ತು. ಬಿಜಲಿ ಬಕೆಟ್ಟಿನಲ್ಲಿ ಮೂತಿ ಮುಳುಗಿಸಿ ಗಟಗಟ ನೀರು ಕುಡಿಯುವಾಗ ಕಾಕಾ ಎದುರಿಗೆ ಕೂತು ಕಣ್ಣೆವೆ ಮುಚ್ಚದೆ ನೋಡುತ್ತಿದ್ದ. "ಕುಡಿಯವ್ವಾ, ಕುಡಿ. ನಂದೂ ನೀನ ಕುಡಿ" ಅನ್ನುತ್ತಿದ್ದ. ಆಗ ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಇನ್ನು ಮಂಗಳವಾರ, ಶುಕ್ರವಾರ ಹುಬ್ಬಳ್ಳಿಗೆ ಹೋಗುವ ಸಂಭ್ರಮ! ಮುಂಜಾನೆ ಕಾಕಾ ಬಿಜಲಿಯ ಮೇಲೆ ಗುಡಗೇರಿ ಸ್ಟೇಷನ್ನಿಗೆ ಹೊರಡುವನು. ಚಿಗವ್ವ ಟಂಟಂ ಆಟೋ ಹಿಡಿದು ಅವನಿಗಿಂತ ಮೊದಲೇ ಹೋಗಿ ಟಿಕೀಟು ತೆಗೆಸಿ ನಿಲ್ಲುವಳು. ಬಿಜಲಿ ಸ್ಟೇಷನ್ನಿನ ಹೊರಗೆ ಬೇವಿನ ಗಿಡದ ಕೆಳಗೆ, ಚಹಾದಂಗಡಿಯವನ ಉಸ್ತುವಾರಿಯಲ್ಲಿ, ಸಂಜೆಯ ಗಾಡಿ ಬರುವ ತನಕ ನಿಂತಿರುತ್ತಿತ್ತು. ನಾಲ್ಕು ತಾಸು ಮಷೀನಿಗೆ ರಕ್ತ ಕೊಟ್ಟು, ಸುಣ್ಣ ಬಳಿದ ಮುಖ ಹೊತ್ತುಕೊಂಡು ಗಾಡಿಯಿಂದ ಇಳಿಯುವ ಕಾಕಾ, ಕುದುರೆಯ ಕುತ್ತಿಗೆಗೆ ಮುಖ ಹಚ್ಚಿ ಒಂದೆರಡು ನಿಮಿಷ ನಿಲ್ಲುತ್ತಿದ್ದ. ಆಮೇಲೆ ಹತ್ತುತ್ತಿದ್ದ. ಹತ್ತಿದ ಮೇಲೆ ಮತ್ತೆ ಮೊದಲಿನ ಕಾಕಾ. ಎದುರು ಸಿಕ್ಕವರನ್ನೆಲ್ಲ ಬೈದುಕೊಂಡೇ ಊರು ಸೇರುತ್ತಿದ್ದ.

"ಸುಮ್ನ ನನ್ನ ಸ್ಕೂಟರ ಮ್ಯಾಲ ಬಾ ಕಾಕಾ, ಹತ್ತು ನಿಮಿಷದಾಗ ಮನಿ ಮುಟ್ಟೂಣು" ಎಂದು ನಾನು ಒಂದು ಸಲ ಅಂದೆ.

"ಮಾಸ್ತರ, ಸ್ಕೂಟರ ಹಿಂದ ಕುಂತ್ರ ನಾ ಸಾಮಾನು. ಕುದುರಿ ಮ್ಯಾಲ ಕುಂತ್ರ ನಾ ಮನಷ್ಯಾ" ಅಂದ.

ಇಷ್ಟೇ ಆಗಿದ್ದರೆ ಪಾಡಾಗಿತ್ತು. ಆದರೆ ಕಾಕಾನಿಗೆ ಅಜ್ಜ ಹಾಕಿಕೊಟ್ಟ ಒಂದು ಕಟ್ಟಳೆ ಇತ್ತು. ತನ್ನ ಜೀನು ತಾನೇ ಎತ್ತಿ ಹಾಕಬೇಕು. ಎತ್ತಲಾರದವನು ಕುದುರೆ ಇಟ್ಟುಕೊಳ್ಳಬಾರದು, ಎತ್ತುವವನಿಗೆ ಕೊಟ್ಟುಬಿಡಬೇಕು. ತಟ್ಟು ಮಾರುವವರು ಗಿರಾಕಿಯನ್ನು ಅಳೆಯುತ್ತಿದ್ದದ್ದೇ ಹೀಗಂತೆ. ಮೊದಲು ಜೀನು ಎತ್ತಿಸುವುದು, ಆಮೇಲೆ ಮಾತುಕತೆ. ಈ ಕಟ್ಟಳೆಗೆ ಕಾಕಾ ತನ್ನದೊಂದು ಬಾಲ ಸೇರಿಸಿದ. ಕಟ್ಟೆಯ ಮೇಲೆ ಹತ್ತು ಜನರ ಎದುರಿಗೆ, ಎದೆ ಬಡಿದುಕೊಂಡು, ಹೇಳಿದ.

"ಜೀನು ಎತ್ತೂದು ನೀಗದ ದಿವಸ ಬಿಜಲಿನ ಕೊಟ್ಟಬಿಡತೀನಿ. ಬಿಜಲಿ ಹೋದ ದಿವಸ ದವಾಖಾನಿಗೆ ಹೋಗೂದೂ ಬಂದ್! ಹದಿನೈದು ದಿವಸ ಅಂದಾರಲ್ಲ, ಅಗದಿ ಆರಾಮ ಮಲಗಿ, ಹೊಟ್ಟಿ ತುಂಬ ನೀರ ಕುಡದು ಸಾಯತೀನಿ."

ಕಾಕಾ ಹಟಮಾರಿ. ಆಡಿದ ಮಾತು ತಪ್ಪಿದ ದಾಖಲೆಯೇ ಇಲ್ಲ. ಅಂದಮೇಲೆ ಅವನ ಆಯುಷ್ಯ ಡಾಕ್ಟರ ಕೈಯಲ್ಲೂ ಇಲ್ಲ, ದೇವರ ಕೈಯಲ್ಲೂ ಇಲ್ಲ. ಆ ಜೀನು ಎಷ್ಟು ತೂಗುತ್ತದೆ ಅನ್ನುವುದರ ಮೇಲೆ ನಿಂತಿತು!

ಎಷ್ಟು ತೂಗುತ್ತಿತ್ತು? ಮೆಣಸಿನಕಾಯಿ ತೂಗುವ ತಕ್ಕಡಿಗೆ ನಾನೇ ಹಾಕಿ ನೋಡಿದೆ. ಹದಿನಾರು ಕಿಲೋ! ಅಜ್ಜನ ಕಾಲದ ಚರ್ಮದ ಜೀನು. ಒಳಗೆ ಕಟ್ಟಿಗೆಯ ಚೌಕಟ್ಟು, ಅದರ ಸುತ್ತ ಒತ್ತಿ ತುಂಬಿದ ಕುರಿಯುಣ್ಣೆ, ಕಬ್ಬಿಣದ ಬಳೆ, ಕಾಲಿಟ್ಟು ಹತ್ತುವ ಕಬ್ಬಿಣದ ರಿಕಾಪು, ಮೇಲೆ ಎಮ್ಮೆ ಚರ್ಮ. ಮೂರು ತಲೆಮಾರಿನ ಬೆವರು, ಎಣ್ಣೆ ಕುಡಿದು ಅದು ಕಗ್ಗಲ್ಲಾಗಿತ್ತು. ಅದನ್ನು ರೋಗಿಷ್ಟ ಮನುಷ್ಯ ಒಂದೇ ಕೈಯಲ್ಲಿ, ಮೊಣಕಾಲಿನ ಆಸರೆಯಿಂದ ಎತ್ತಿ ಕುದುರೆಯ ಬೆನ್ನಿಗೆ ಎಸೆಯಬೇಕು. ಎತ್ತುವಾಗ ಅವನ ಕುತ್ತಿಗೆಯ ನರ ಹುರಿಗಟ್ಟುವುದನ್ನು ನೋಡಿದರೆ ನಮ್ಮ ಉಸಿರು ನಿಲ್ಲುತ್ತಿತ್ತು.

ಆಗ ನಾನು ಬುದ್ಧಿವಂತನಾದೆ. ಮೊಬೈಲಿನಲ್ಲಿ ಹುಡುಕಿ ಸಿಂಥೆಟಿಕ್ ಜೀನು ತರಿಸಿದೆ! ಕಂದುಬಣ್ಣದ್ದು ಕೇಳಿದ್ದೆ. ನೇರಳೆಬಣ್ಣದ್ದು ಬಂತು. ಇರಲಿ, ಕುದುರೆ ಏನು ಕನ್ನಡಿ ನೋಡಿಕೊಳ್ಳುತ್ತದೆಯೇ? ತಕ್ಕಡಿಗೆ ಹಾಕಿದರೆ ಬರೀ ಐದು ಕಿಲೋ.

ಕಾಕಾ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಮೂಸಿ, ಮುಖ ಸಿಂಡರಿಸಿದ. "ಇದೇನ ಜೀನೋ, ನಿನ್ನ ಸಾಲಿ ಹುಡುಗರ ಪಾಟಿಚೀಲೋ? ಹೊಸಾ ಚಪ್ಪಲಿ ನಾತ ಹೊಡೀತೈತಿ."

ನಾನು ಮಾಸ್ತರ. ಬಿಡುತ್ತೇನೆಯೇ? ಬೆರಳು ಮಡಿಚಿ ಲಾಭಗಳ ಪಾಠ ಶುರು ಮಾಡಿದೆ. "ಹಗುರ ಐತಿ. ಮಳಿಗಾಲದಾಗ ಬೂಸರ ಹಿಡಿಯೂದಿಲ್ಲ. ಇಲಿ ಕಡಿಯೂದಿಲ್ಲ. ಪೈಪ್ ಹಿಡದು ತೊಳದ್ರ ತಾಸಿನ್ಯಾಗ ಒಣಗತೈತಿ. ಎಣ್ಣಿ ತಿಕ್ಕೂದು ಬ್ಯಾಡ."

ಎಣ್ಣೆಯ ಮಾತು ಬಂದಕೂಡಲೇ ಚಿಗವ್ವ ಅಡುಗೆಮನೆಯಿಂದಲೇ ಓಟು ಹಾಕಿದಳು. "ಖರೇ ನೋಡಪಾ! ಮದುವಿ ಆದಾಗಿಂದ ನನ್ನ ತಲಿಗೆ ಬಿದ್ದದ್ದಕ್ಕಿಂತ ಜೀನಿಗೆ ಬಿದ್ದ ಎಣ್ಣೀನ ಹೆಚ್ಚೈತಿ!"

"ನಿನ್ನ ತಲಿ ಮ್ಯಾಲ ನಾ ಕುಂತು ಸವಾರಿ ಮಾಡೂದಿಲ್ಲಲ್ಲಾ" ಅಂದ ಕಾಕಾ.

"ಮತ್ತೇನ ಮಾಡೀರಿ ಇಷ್ಟ ವರ್ಷ?"

ನಾನು ನಕ್ಕುಬಿಟ್ಟೆ. ಕಾಕಾ ನನ್ನ ಕಡೆ ತಿರುಗಿ ತನ್ನ ವಾದ ಮಂಡಿಸಿದ. ಅವನ ವಾದದಲ್ಲಿ ಹುರುಳಿರಲಿಲ್ಲ ಎಂದು ನಾನು ಈಗಲೂ ಹೇಳಲಾರೆ. "ತಮ್ಮಾ, ಚರ್ಮ ಹೆಂಗ ಅಂದ್ರ, ವರ್ಷ ಕಳದಂಗ ಕುದುರಿ ಬೆನ್ನು ಹೆಂಗೈತಿ ಹಂಗ ಬಗ್ಗಿ ಕೂಡತೈತಿ. ಈ ನಿಂದು ಇವತ್ತ ಹೆಂಗೈತಿ, ಹರಿಯೂ ತನಕ ಹಂಗ ಇರತೈತಿ. ಬ್ಯಾಸಗ್ಯಾಗ ಗಾಳಿ ಆಡೂದಿಲ್ಲ, ಬೆವರ ಒಳಗ ಕುದ್ದು ಕುದುರಿ ಚರ್ಮ ಸುಲೀತೈತಿ. ದಾರ ಬಿಚ್ಚಿದ್ರ ನಮ್ಮೂರ ಸಮಗಾರ ಹೊಲಿಯಾಕ ಬರೂದಿಲ್ಲ, ಒಗೀಬೇಕು. ಮತ್ತ ಇದು ಟರ್ ಅಂತೈತಲ್ಲ, ಅದೇನದು?"

ಟರ್ ಅನ್ನುತ್ತಿದ್ದದ್ದು ಜೀನಿನ ಅಂಚಿಗೆ ಹಚ್ಚಿದ, ಒತ್ತಿದರೆ ಅಂಟಿಕೊಂಡು ಎಳೆದರೆ ಬಿಚ್ಚುವ ಪಟ್ಟಿ. ಬಹಳ ಅನುಕೂಲದ್ದು ಎಂದು ವಿವರಿಸಿದೆ. ಅಯ್ಯೋ, ಬಾಯಿಗೆ ಬೀಗ ಹಾಕಿಕೊಂಡಿರಬೇಕಿತ್ತು!

ನನ್ನ ಕಾಟಕ್ಕೆ ಒಪ್ಪಿ ಒಂದು ಶುಕ್ರವಾರ ಕಾಕಾ ನೇರಳೆ ಜೀನು ಹಾಕಿಕೊಂಡು ಸ್ಟೇಷನ್ನಿಗೆ ಹೋದ. ಪ್ಯಾಸೆಂಜರ್ ಗಾಡಿ ಬಂದು ನಿಂತಿತ್ತು. ಕಿಟಕಿ ತುಂಬ ಜನ. ಮೀಸೆ ತಿರುವಿ, ಎಲ್ಲರೂ ನೋಡುತ್ತಿದ್ದಾರೆ ಎಂದು ಖಾತ್ರಿ ಮಾಡಿಕೊಂಡು, ಕಾಕಾ ಠೀವಿಯಿಂದ ಕುದುರೆಯಿಂದ ಕೆಳಗೆ ಹಾರಿದ. ಟರ್ರ್! ಕಾಕಾ ಇಳಿದ. ಧೋತರ ಇಳಿಯಲಿಲ್ಲ. ಆ ಪಟ್ಟಿಗೆ ಅಂಟಿಕೊಂಡು ಕುದುರೆಯ ಮೇಲೇ ಉಳಿಯಿತು! ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತ ಕಾಕಾ ಒಂದು ಕ್ಷಣವೂ ಅಳುಕಲಿಲ್ಲ. ಹಾಗೆಯೇ ನಡೆದು ಹೋಗಿ ಬೋಗಿ ಹತ್ತಿದ. ಹಿಂದಿನಿಂದ ಚಿಗವ್ವ ಧೋತರ ಬಿಡಿಸಿಕೊಂಡು, ಗಾಡಿಯ ಶಿಳ್ಳೆಗೆ ಹೆದರಿ, ಓಡಿ ಬಂದು ಏರಿದಳು. ಎದುರಿನ ಸೀಟಿನವನು ನಗು ತಡೆಯಲಾರದೆ ಕೆಮ್ಮಿದಾಗ ಕಾಕಾ ಅಂದನಂತೆ, "ನಗ್ರಿ, ನಗ್ರಿ. ರಕ್ತ ತೊಳೀಲಿಕ್ಕೆ ಹೊಂಟೀನಿ, ದಾರ್ಯಾಗ ಧೋತರಾನೂ ತೊಳಿಸಿದ್ರಾತು ಅಂತ ಬಿಚ್ಚೀನಿ."

ಅಂದು ಸಂಜೆಯೇ ನೇರಳೆ ಜೀನು ದನದ ಕೊಟ್ಟಿಗೆಯ ಗೂಟಕ್ಕೆ ನೇತುಬಿತ್ತು. ಕೋಳಿಯೊಂದು ಅದರಲ್ಲಿ ಮೊಟ್ಟೆಯಿಟ್ಟಿತು. "ಇದೊಂದು ಲಾಭ ನೀ ಹೇಳಿರಲಿಲ್ಲ ನೋಡು" ಅಂದ ಕಾಕಾ.

ಮತ್ತೆ ಹದಿನಾರು ಕಿಲೋ. ದವಾಖಾನೆಯಲ್ಲಿ ಕಾಕಾನ ಬಾಜು ಮಂಚದವನು ಒಂದು ವಾರ ಬರಲಿಲ್ಲ. ಆ ಮೇಲಿನ ವಾರವೂ ಬರಲಿಲ್ಲ. "ಅವಗ ಟ್ರಾನ್ಸ್‌ಫರ್ ಆತು" ಎಂದಷ್ಟೇ ಹೇಳಿ ಕಾಕಾ ಗೋಡೆಯ ಕಡೆ ಮುಖ ಮಾಡಿದ. ಊಟ ಕಡಿಮೆಯಾಯಿತು. ತೋಳು ಒಣಗಿದ ಹತ್ತಿಕಟ್ಟಿಗೆಯಾಯಿತು. ಯುಗಾದಿಯ ಹೊತ್ತಿಗೆ ಜೀನನ್ನು ಮೊಣಕಾಲಿಗೆ ಏರಿಸುವುದಕ್ಕೇ ಮೂರು ಸಲ ಪ್ರಯತ್ನಿಸುವಂತಾಯಿತು. ಇನ್ನೊಂದು ವಾರ, ಹೆಚ್ಚೆಂದರೆ ಎರಡು ಎಂದು ನಾನು ಮನಸ್ಸಿನಲ್ಲೇ ಗುಣಿಸಿದೆ. ಕೇಳಿದರೆ ಸಿಟ್ಟಾಗುತ್ತಾನೆ, ಕೈ ಹಚ್ಚಲು ಹೋದರೆ ಚಾಟಿ ಎತ್ತುತ್ತಾನೆ. ಏನು ಮಾಡುವುದು?

ಆದರೆ ಏನಾಶ್ಚರ್ಯ! ಯುಗಾದಿ ಕಳೆದು ಹದಿನೈದು ದಿನವಾಗುವಷ್ಟರಲ್ಲಿ ಕಾಕಾ ಒಂದೇ ಸಲಕ್ಕೆ ಜೀನು ಎತ್ತಿದ. ಮುಂದಿನ ತಿಂಗಳು ಇನ್ನೂ ಸಲೀಸು. ಕಾರಹುಣ್ಣಿಮೆಯ ಹೊತ್ತಿಗೆ ಎತ್ತುವಾಗ ಹಾಡು ಗುನುಗುತ್ತಿದ್ದ! ಮೈಯ ತೂಕ ಇಳಿಯುತ್ತಲೇ ಇತ್ತು, ಕಣ್ಣು ಒಳಗೆ ಹೋಗಿದ್ದವು, ಮೆಟ್ಟಿಲು ಹತ್ತಿದರೆ ತೇಕುತ್ತಿದ್ದ. ಜೀನು ಮಾತ್ರ ಹೂವಿನ ಬುಟ್ಟಿಯಂತೆ ಎತ್ತುತ್ತಿದ್ದ. ಔಷಧ ಹತ್ತಿತು ಎಂದು ನಾನು ನಂಬಿದೆ. ಕಾಕಾನ ವಿವರಣೆ ಬೇರೆಯಿತ್ತು.

"ಚರ್ಮದ ಗುಣ ನೋಡಲೇ ಮಾಸ್ತರ! ಹಳೇದ ಆದಂಗ ಹಗುರ ಆಕೈತಿ. ನಿನ್ನ ಪ್ಲಾಸ್ಟಿಕ್ ಆಕೈತೇನ?"

ಚಿಗವ್ವ ಪಡಸಾಲೆಯಲ್ಲಿ ತಲೆ ತಗ್ಗಿಸಿ ಹಳೇ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ನಮ್ಮ ಸುತ್ತಿನ ಊರುಗಳಲ್ಲಿ ಅವಳಷ್ಟು ಸಣ್ಣ ಹೊಲಿಗೆ ಹಾಕುವವರು ಇನ್ನೊಬ್ಬರಿಲ್ಲ. "ಹೌದ್ ಹೌದು, ಚರ್ಮಾನ ಚಲೋ" ಅಂದಳು. ಎಂದೂ ಗಂಡನ ಮಾತು ಒಪ್ಪದ ಹೆಂಗಸು ಒಪ್ಪಿದಳಲ್ಲ, ಆಗಲೇ ನನಗೆ ಸಂಶಯ ಬರಬೇಕಿತ್ತು.

ದಸರೆಯ ಸುಮಾರಿಗೆ ಬಿಜಲಿ ಜೀನು ಕಂಡರೆ ಹಿಂದೆ ಸರಿಯತೊಡಗಿತು. ಬೆನ್ನು ಮುಟ್ಟಿದರೆ ಕಿವಿ ಹಿಂದಕ್ಕೆ ಮಡಿಚಿ ಹಲ್ಲು ತೋರಿಸುತ್ತಿತ್ತು. ಒಂದು ಸೋಮವಾರ ಸಂಜೆ ಜೀನು ಇಳಿಸಿದಾಗ ಬೆನ್ನಹುರಿಯ ಮೇಲೆ ಅಂಗೈ ಅಗಲ ಕೂದಲು ಉದುರಿ, ಚರ್ಮ ಕಿತ್ತು, ಕೀವು ಬಂದಿತ್ತು. ನೊಣ ಮುತ್ತಿದ್ದವು. ತನ್ನ ಕೈಗೆ ಬೆರಳು ದಪ್ಪದ ಸೂಜಿ ಚುಚ್ಚುವಾಗಲೂ ಜೋಕು ಹೊಡೆಯುವ ಮನುಷ್ಯ, ಅಂದು ಪೇಟ ಬಿಚ್ಚಿ ಬಿಜಲಿಯ ಬೆನ್ನಿನ ನೊಣ ಓಡಿಸುತ್ತ ನಿಂತುಬಿಟ್ಟ.

ನಾನು ಓಡಿ ಹೋಗಿ ದನದ ದವಾಖಾನೆಯ ಡಾಕ್ಟರಮ್ಮನನ್ನು ಸ್ಕೂಟರಿನಲ್ಲಿ ಕರೆತಂದೆ. ಆಕೆ ಗಾಯ ತೊಳೆದು, ಔಷಧ ಹಚ್ಚಿ, ಎರಡು ತಿಂಗಳು ಬೆನ್ನ ಮೇಲೆ ಏನೂ ಬೀಳಕೂಡದು ಎಂದರು. ಆಮೇಲೆ ಚರ್ಮದ ಜೀನು ಬೋರಲು ಹಾಕಿ ಒಳಮೈ ಒತ್ತಿ ನೋಡಿದರು.

"ಇದರಾಗ ಮೆತ್ತೀನ ಇಲ್ಲಲ್ರೀ! ನಿಮ್ಮ ಭಾರೆಲ್ಲ ನೇರ ಅದರ ಬೆನ್ನೆಲುಬಿನ ಮ್ಯಾಲ ಬಿದ್ದೈತಿ."

"ಕುರಿಯುಣ್ಣಿ ಐತ್ರಿ. ಅಗದಿ ಒತ್ತಿ ತುಂಬೇತಿ" ಅಂದ ಕಾಕಾ.

"ನೀವ ಬಿಚ್ಚಿ ನೋಡ್ರಿ. ಚರ್ಮ ಇರಲಿ, ಪ್ಲಾಸ್ಟಿಕ್ ಇರಲಿ, ಕುದುರಿಗೆ ಬೇಕಾಗಿದ್ದು ಒಳಗಿನ ಮೆತ್ತಿ. ಹೊರಗಿಂದು ನಿಮ್ಮ ದೌಲತ್ತು" ಅಂದರು ಡಾಕ್ಟರಮ್ಮ. ವರ್ಷದಿಂದ ನಾನೂ ಕಾಕಾನೂ ಗಂಟಲು ಹರಿದುಕೊಂಡ ವಾದವನ್ನು ಆ ಚಿಕ್ಕ ವಯಸ್ಸಿನಾಕೆ ಒಂದೇ ಮಾತಿನಲ್ಲಿ ಮುಗಿಸಿ ಹೊರಟುಹೋದರು.

ಕಾಕಾ ಕುಡುಗೋಲಿನಿಂದ ಹೊಲಿಗೆ ಕೊಯ್ದ. ಒಳಗಿಂದ ಬಿಳಿ ಥರ್ಮೊಕೋಲ್ ಕಾಳುಗಳು ಬುಳಬುಳನೆ ಅಂಗಳದ ತುಂಬ ಉದುರಿದವು. ಕುರಿಯುಣ್ಣೆ ಇಲ್ಲ. ಕಟ್ಟಿಗೆಯ ಚೌಕಟ್ಟು ಅರ್ಧಕ್ಕರ್ಧ ಇಲ್ಲ. ಕಬ್ಬಿಣದ ಬಳೆಗಳಿದ್ದ ಕಡೆ ಕಪ್ಪು ಬಟ್ಟೆ ಸುತ್ತಿದ ತೆಳ್ಳನೆಯ ತಂತಿ. ಕಳೆದ ವರ್ಷ ನಾನು ತಂದುಕೊಟ್ಟ ಫ್ರಿಜ್ಜಿನ ಡಬ್ಬಿಯೊಳಗಿನ ಥರ್ಮೊಕೋಲ್ ಎಲ್ಲಿ ಹೋಯಿತು ಎಂಬುದು ಅಂದು ಗೊತ್ತಾಯಿತು. ಕಾಕಾ ಆರು ತಿಂಗಳಿಂದ ಪ್ಲಾಸ್ಟಿಕ್ ಜೀನಿನ ಮೇಲೆಯೇ ಕೂತು ಪ್ಲಾಸ್ಟಿಕ್ ಜೀನನ್ನು ಬೈಯುತ್ತಿದ್ದ!

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಕಾಕಾ ಕೊಯ್ದ ಹೊಲಿಗೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದ. ಸಾಸಿವೆಕಾಳಿನಷ್ಟು ಸಣ್ಣ ಹೊಲಿಗೆ. ಅವನು ಚಿಗವ್ವನ ಕಡೆ ನೋಡಿದ. ಚಿಗವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಾಕಾ ಒಳಗೆ ಹೋಗಿ ಮಲಗಿದ.

ಮರುದಿನ ಮಂಗಳವಾರ. ಗಾಡಿಯ ಹೊತ್ತಿಗೆ ನಾನು ಸ್ಕೂಟರ್ ತಂದೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದ. ಅಂಗಿ ಹಾಕಿರಲಿಲ್ಲ, ಪೇಟ ಸುತ್ತಿರಲಿಲ್ಲ. ಕೈಯಲ್ಲಿ ದೊಡ್ಡ ಚರಿಗೆ ತುಂಬ ನೀರಿತ್ತು. ಇನ್ನೂ ಕುಡಿದಿರಲಿಲ್ಲ. ಹದಿನೈದು ದಿನದ ಲೆಕ್ಕ ಇಂದಿನಿಂದ ಶುರುವಾಯಿತು ಅಂದುಕೊಂಡೆ.

ಚಿಗವ್ವ ಬಂದು ಅವನ ಎದುರು ನೆಲದ ಮೇಲೆ ಕೂತಳು. "ತಪ್ಪ ನಂದು. ಮೂಕ ಪ್ರಾಣಿ ಬೆನ್ನು ಹುಣ್ಣಾಗೂ ಹಂಗ ಮಾಡಿದೆ. ಬೈಯೂದು ಬೈರಿ. ಬೈದು ಮುಗಿಸಿ ದವಾಖಾನಿಗೆ ಹೋಗೂಣು, ಏಳ್ರಿ."

"ಯಾಕ ಮಾಡಿದಿ?"

"ನೀವ ಹೇಳಿದ್ರಲ್ಲ, ಜೀನು ಎತ್ತೂದು ನೀಗದಿದ್ರ ಕುದುರಿ ಇಲ್ಲ, ಕುದುರಿ ಇಲ್ಲಂದ್ರ ದವಾಖಾನಿ ಇಲ್ಲ ಅಂತ? ನಿಮ್ಮ ತೋಳಿಗೆ ತಾಕತ್ತು ತುಂಬೂದು ನನಗ ಬರೂದಿಲ್ಲ. ಹೊಲಿಗಿ ಬಿಚ್ಚೂದು, ಮತ್ತ ಹಾಕೂದು ಬರತೈತಿ. ರಾತ್ರಿ ನೀವು ಮಲಗಿದಾಗೆಲ್ಲ ಒಂದೊಂದು ಹಿಡಿ ಉಣ್ಣಿ, ಒಂದೊಂದು ಚೂರು ಕಟ್ಟಿಗಿ ತಗದೆ. ಇನ್ನೇನ ಮಾಡ್ಲಿ? ನಿಮ್ಮ ಹಟದ ಮುಂದ ಮತ್ತೇನ ಮಾಡ್ಲಿ ಹೇಳ್ರಿ!"

ಹೇಳುತ್ತ ಹೇಳುತ್ತ ಅವಳ ಧ್ವನಿ ಒಡೆಯಿತು. ವರ್ಷದಿಂದ ಸೆರಗಿನೊಳಗೆ ಅಳುತ್ತಿದ್ದವಳು ಅಂದು ಬೀದಿಗೆ ಕೇಳುವ ಹಾಗೆ ಅತ್ತಳು. ಕಾಕಾ ಬಿಜಲಿಯನ್ನು ನೋಡಿದ, ಅವಳನ್ನು ನೋಡಿದ. ಚರಿಗೆಯನ್ನು ಬದಿಗಿಟ್ಟ.

"ಗಾಯ ಮಾಯೂ ಹೊತ್ತಿಗೆ ನನ್ನ ಕೈಲೆ ಯಾವ ಜೀನೂ ನೀಗೂದಿಲ್ಲ" ಅಂದ. "ಬಿಜಲಿನ ಮಂದಿಗೆ ಕೊಡಾಕ ಮನಸ್ಸಿಲ್ಲ. ನನ್ನ ಹಿಂದ ಅದನ್ನ ಯಾರು ನೋಡತಾರ?" ಚಿಗವ್ವನ ಕಡೆ ಬೆರಳು ಮಾಡಿ, "ನೀ ಹತ್ತು" ಅಂದ.

"ಯವ್ವಾ! ನಾನ?"

"ಹ್ಞೂಂ, ನೀನ. ಮಾಸ್ತರನ ಪಾಟಿಚೀಲ ಐತಲ್ಲ, ಅದನ್ನ ನೀನೂ ಎತ್ತತೀ. ನಿನಗ ಬರೋಬ್ಬರಿ ಕಲಿಸೂ ತನಕ ನಾ ದವಾಖಾನಿಗೆ ಹೋಗತೀನಿ. ಈ ಸ್ಕೂಟರ ಮ್ಯಾಲ ಸಾಮಾನಾಗೇ ಹೋಗತೀನಿ. ಆದ್ರ ನೀ ಕಲಿತ ದಿವಸ ನನ್ನ ಸುಮ್ನ ಬಿಡಬೇಕು. ಆ ಸೂಜಿ ನನಗ ಸಾಕಾಗೈತಿ. ಕಬೂಲೇನ?"

ಚಿಗವ್ವ ಮೂಗು ಒರೆಸಿಕೊಂಡು, ಚರಿಗೆಯ ನೀರನ್ನು ಬಿಜಲಿಯ ಬಕೆಟ್ಟಿಗೆ ಸುರಿದಳು. "ಕಬೂಲ" ಅಂದಳು. ಅಂದು ಗಾಡಿ ತಪ್ಪಲಿಲ್ಲ.

ಗಾಯ ಮಾಯಿತು. ಡಾಕ್ಟರಮ್ಮ ಹೇಳಿದಂತೆ ಒಳಗೆ ದಪ್ಪ ಕಂಬಳಿಯ ಮೆತ್ತೆ ಹೊಲಿದು, ನೇರಳೆ ಜೀನನ್ನು ಬಿಜಲಿಯ ಬೆನ್ನಿಗೆ ಹೊಂದಿಸಿದ್ದಾಯಿತು. ಕೋಳಿಗೆ ಬೇರೆ ಬುಟ್ಟಿ ಕೊಟ್ಟೆವು. ಪಾಠ ಶುರುವಾಯಿತು. ಐವತ್ತೆಂಟು ವರ್ಷದ ಚಿಗವ್ವ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಮುಂಜಾನೆ ಅಂಗಳಕ್ಕೆ ಇಳಿದಳೆಂದರೆ ಓಣಿಯ ಜನವೆಲ್ಲ ಚಹಾದ ಕಪ್ಪು ಹಿಡಿದು ಹಾಜರು! ಎಂಥ ದಡ್ಡ ಶಿಷ್ಯೆ ಅಂತೀರಿ! ನನ್ನ ಶಾಲೆಯಲ್ಲಿ ಕೂಡ ಅಂಥವರನ್ನು ಕಂಡಿಲ್ಲ. ಎಡಕ್ಕೆ ಎಂದರೆ ಬಲಕ್ಕೆ ಲಗಾಮು ಎಳೆಯುವಳು. ನಿಲ್ಲಿಸು ಎಂದರೆ ಹಿಮ್ಮಡಿಯಿಂದ ಒದೆಯುವಳು. ಒಮ್ಮೆ ಕುದುರೆಯ ಬಾಲದ ಕಡೆ ಮುಖ ಮಾಡಿ ಕೂತುಬಿಟ್ಟಳು. ಕಾಕಾ ಕಟ್ಟೆಯ ಮೇಲಿಂದ ಕೋಲು ಬಡಿದು ಬಡಿದು ಕೂಗುತ್ತಿದ್ದ. ಕೂಗಿ ಕೂಗಿ ಅವನಿಗೆ ಹಸಿವೆ ಹುಟ್ಟಿತು. ಅರ್ಧ ರೊಟ್ಟಿಯವನು ಒಂದೂವರೆಗೆ ಬಂದ.

ಪಾಠಕ್ಕೆ ಈಗ ಎಂಟು ತಿಂಗಳು. "ನಿನ್ನ ಹೆಂಡತಿಗೆ ಈ ಜನ್ಮದಾಗ ಬರೂದಿಲ್ಲ ಬಿಡೋ" ಎಂದು ಓಣಿಯವರು ಕೈಚೆಲ್ಲಿದರು. ನಾನೂ ಹಾಗೇ ತಿಳಿದಿದ್ದೆ.

ಹೋದ ರವಿ­ವಾರ ಕಾಕಾನ ಗುಳಿಗೆ ಕೊಡುವುದಕ್ಕೆಂದು ಬೆಳಕು ಹರಿಯುವ ಹೊತ್ತಿಗೇ ಊರಿಗೆ ಹೊರಟೆ. ಹೊಲದ ದಾರಿಯಲ್ಲಿ ದೂರದಿಂದ ಕುದುರೆಯ ಸಪ್ಪಳ ಕೇಳಿಸಿತು. ಸ್ಕೂಟರ್ ನಿಲ್ಲಿಸಿ ನೋಡಿದೆ. ಬಿಜಲಿ ಬರುತ್ತಿತ್ತು, ಅದೂ ಓಡುತ್ತ! ಮೇಲೆ ನೆಟ್ಟಗೆ ಕೂತ ಹೆಂಗಸು, ಒಂದೇ ಕೈಯಲ್ಲಿ ಲಗಾಮು, ಮುಖದಲ್ಲಿ ಅಳುಕಿಲ್ಲ. ಹೊಲದ ಒಡ್ಡನ್ನು ಕುದುರೆ ಜಿಗಿದಾಗ ಅವಳು ಸ್ವಲ್ಪ ಮುಂದಕ್ಕೆ ಬಾಗಿ, ಮತ್ತೆ ಹಾಗೇ ನೆಟ್ಟಗಾದಳು. ನನ್ನನ್ನು ಕಂಡವಳೇ ಬಿಜಲಿಯನ್ನು ಗಕ್ಕನೆ ನಿಲ್ಲಿಸಿ ಕೆಳಗಿಳಿದಳು.

"ಚಿಗವ್ವಾ! ಯಾವಾಗ ಕಲಿತಿ?"

"ಎರಡನೇ ವಾರದಾಗ" ಅಂದಳು. ಬೆವರಿದ ಹಣೆಯನ್ನು ಸೆರಗಿನಿಂದ ಒರೆಸಿಕೊಂಡಳು. "ನೀ ಏನೂ ನೋಡಿಲ್ಲ, ಹೌದಿಲ್ಲೋ ತಮ್ಮಾ?"

ಹೌದೆಂದು ತಲೆ ಆಡಿಸಿದೆ. ಲಗಾಮು ಹಿಡಿದು ಬಿಜಲಿಯನ್ನು ನಡೆಸಿಕೊಂಡು ಹೊರಟ ಅವಳ ಹಿಂದೆ ಮನೆಗೆ ಬಂದೆ. ಅಷ್ಟರಲ್ಲಿ ಕಾಕಾ ಎದ್ದು, ಪೇಟ ಸುತ್ತಿ, ಕೋಲು ಹಿಡಿದು ಕಟ್ಟೆಗೆ ಬಂದಿದ್ದ. ಚಿಗವ್ವ ಬಿಜಲಿಯ ಎಡಮಗ್ಗುಲಿಗೆ ನಿಂತು, ಗಂಡನ ಕಡೆ ಒಮ್ಮೆ ನೋಡಿ, ರಿಕಾಪಿಗೆ ಬಲಗಾಲು ಇಟ್ಟಳು.

"ಎಡಗಾಲ! ಎಡಗಾಲ ಅಂತ ಎಷ್ಟ ಸಲ ಒದರಲೇ!" ಕಾಕಾ ಕೋಲು ಬಡಿದ. "ನಿನಗ ಕಲಿಸೂದ್ರಾಗ ನನ್ನ ಆಯುಷ್ಯಾನ ಮುಗೀತೈತಿ!"

"ಸಿಟ್ಟ ಮಾಡಬ್ಯಾಡ್ರಿ. ನಾಡದು ದವಾಖಾನಿಂದ ಬಂದ ಮ್ಯಾಲ ಮತ್ತ ಮೊದಲಿಂದ ಹೇಳಿಕೊಡ್ರಿ" ಎಂದು ಚಿಗವ್ವ ಕಾಲು ತೆಗೆದಳು. ತೆಗೆದು, ಮತ್ತೆ ಬಲಗಾಲನ್ನೇ ಇಟ್ಟಳು.